ನಿಂತುಹೋದ ಓಡೋಮೀಟರ್: ಮನೆಯಲ್ಲೇ ಸರಿಮಾಡಿದ ಬಗೆ

ನಮ್ಮ ಕಾರು 2,87,416ರಲ್ಲಿ ನಿಂತಿತ್ತು. ಕಾರು ಓಡುತ್ತಿತ್ತು, ಸ್ಪೀಡಿನ ಸೂಜಿಯೂ ಆಡುತ್ತಿತ್ತು. ಕಿಲೋಮೀಟರ್ ತೋರಿಸುವ ಆ ಆರು ಅಂಕಿ ಮಾತ್ರ ಎರಡು ವರ್ಷದಿಂದ ಅಲ್ಲಾಡಿರಲಿಲ್ಲ.

ದೋಹಾದ ಬಿನ್ ಮಹಮೂದ್ ಅಂದರೆ ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿ ನಿಂತಿರುವ ಬಡಾವಣೆ. ಅಲ್ಲಿ ಒಂದು ಫ್ಲ್ಯಾಟಿನಲ್ಲಿ ನಾವು ಮೂವರು ಇದ್ದೆವು. ಒಬ್ಬ ಹುಬ್ಬಳ್ಳಿಯವ, ಒಬ್ಬ ಮಂಡ್ಯದವ, ಇದನ್ನು ಬರೆಯುತ್ತಿರುವುದು ದಾವಣಗೆರೆಯ ಕೈ. ಮೂವರೂ ಎಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಬಂದವರು. 2019ರಲ್ಲಿ ಶುರುವಾದ ಮೆಟ್ರೋ ಗೋಲ್ಡ್ ಲೈನಿನ ನಿಲ್ದಾಣ ಹತ್ತಿರದಲ್ಲೇ ಇದ್ದುದರಿಂದ ಕ್ಲಾಸಿಗೆ ಹೋಗಲು ಕಾರು ಬೇಕಿರಲಿಲ್ಲ. ಆದರೆ ಲ್ಯಾಬ್ ಮುಗಿಯುವುದು ರಾತ್ರಿ, ಅಕ್ಕಿ-ಬೇಳೆ ತರುವುದು ಶುಕ್ರವಾರ, ಬೇಸಿಗೆಯಲ್ಲಿ ನಡೆಯುವುದಂತೂ ಕನಸಿನ ಮಾತು. ಅದೇ ಬಿಲ್ಡಿಂಗಿನಲ್ಲಿದ್ದ ಉಡುಪಿ ಕಡೆಯ ಅಂಕಲ್ ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ತೊಂಬತ್ತರ ದಶಕದ ಅವರ ಜಪಾನಿ ಸೆಡಾನನ್ನು ಮೂವರೂ ದುಡ್ಡು ಹಾಕಿ ತಗೊಂಡೆವು.

ಕೀ ಕೊಡುವಾಗ ಅಂಕಲ್ ಹೇಳಿಯೇ ಕೊಟ್ಟರು: "ಮೀಟರು ನಿಂತು ಎರಡು ವರ್ಷ ಆಯ್ತು ಮಕ್ಳೆ, ನಾನು ಸುಳ್ಳು ಹೇಳುದಿಲ್ಲ. ಮತ್ತೆ ಕೇಳ್ಬಾರದು ನನ್ನನ್ನು." ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನ ತುಂಬ ಹಳೇ ಬಿಲ್ಲುಗಳು. ಆ ಕವರಿನ ಬೆಲೆ ನಮಗೆ ಆಮೇಲೆ ಗೊತ್ತಾಯಿತು.

ಮೊದಲು ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಕಿಲೋಮೀಟರ್ ತಿಳಿದು ಆಗಬೇಕಾದ್ದೇನು? ಒಂದು ಸಂಜೆ ಕರಕ್ ಚಹಾ ಕುಡಿಯುತ್ತಾ ಬಿಲ್ಲುಗಳನ್ನು ಜೋಡಿಸುತ್ತಿದ್ದಾಗ ಟೈಮಿಂಗ್ ಬೆಲ್ಟಿನ ಬಿಲ್ಲು ಸಿಕ್ಕಿತು. ಕೊನೆಯ ಸಲ ಅದನ್ನು ಬದಲಿಸಿದ್ದು 1,98,000ದಲ್ಲಿ. ನಮ್ಮ ಕಾರಿನ ಕೈಪಿಡಿ ಪ್ರಕಾರ 1,00,000 ಕಿ.ಮೀ.ಗೆ ಒಮ್ಮೆ ಬೆಲ್ಟ್ ಬದಲಿಸಬೇಕು. ಮೀಟರನ್ನು ನಂಬಿದರೆ ಆಗಿರುವುದು 89,000 ಚಿಲ್ಲರೆ, ಇನ್ನೂ ಹತ್ತು ಸಾವಿರಕ್ಕಿಂತ ಹೆಚ್ಚು ಬಾಕಿ. ಆದರೆ ಅಂಕಲ್ ದಿನಾ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಬರುತ್ತಿದ್ದವರು. ದಿನಕ್ಕೆ 30 ಕಿ.ಮೀ. ಅಂತ ಹಿಡಿದು, ವರ್ಷಕ್ಕೆ 300 ದಿನದಂತೆ ಎರಡು ವರ್ಷಕ್ಕೆ ಲೆಕ್ಕ ಹಾಕಿದರೆ 18,000. ಶುಕ್ರವಾರದ ತಿರುಗಾಟ ಬೇರೆ. 20,000 ಅಂತಿಟ್ಟುಕೊಂಡರೆ ಬೆಲ್ಟಿಗೆ ಆಗಲೇ 1,09,000 ಆಗಿಹೋಗಿತ್ತು. ಕೆಲವು ಎಂಜಿನ್‌ಗಳಲ್ಲಿ ಈ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಎಂಜಿನ್ನೇ ಕೈಬಿಡುತ್ತದೆ. ಮಾರನೇ ದಿನವೇ ಗ್ಯಾರೇಜಿಗೆ ಹೋದೆವು. ಬಿಚ್ಚಿದ ಬೆಲ್ಟನ್ನು ಮೆಕ್ಯಾನಿಕ್ ಮಡಚಿ ತೋರಿಸಿದ. ಹಲ್ಲುಗಳ ಸಂದಿಯಲ್ಲೆಲ್ಲಾ ಬಿರುಕು. ಓಡೋಮೀಟರ್ ಸರಿಮಾಡಲೇಬೇಕು ಅಂತ ತೀರ್ಮಾನವಾಗಿದ್ದು ಆವತ್ತು.

ಬಿಚ್ಚುವ ಮೊದಲು ಇದರ ಒಳಗೆ ಏನಿದೆ ಅಂತ ತಿಳಿದಿರಬೇಕು. ಹಳೇ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಹೊರಟು ಡ್ಯಾಶ್‌ಬೋರ್ಡಿನ ಮೀಟರಿಗೆ ಬರುತ್ತದೆ. ಹೊರಗಿನ ಕವಚ ಸುಮ್ಮನಿರುತ್ತದೆ, ಒಳಗಿನ ತಂತಿ ತಿರುಗುತ್ತದೆ. ಜಪಾನಿ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ ಈ ತಂತಿ 637 ಸುತ್ತು ಹಾಕುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒಂದು ಮೈಲಿಗೆ 1000 ಸುತ್ತು, ಅಂದ್ರೆ ಕಿ.ಮೀ.ಗೆ ಸುಮಾರು 621. ಈ 637 ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೀಟರಿನ ಒಳಗೆ ಆ ಒಂದೇ ತಿರುಗುವ ಕಡ್ಡಿ ಎರಡು ಕೆಲಸ ಮಾಡುತ್ತದೆ. ತುದಿಯಲ್ಲಿ ಒಂದು ಆಯಸ್ಕಾಂತ, ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಅದು ತಾನೂ ತಿರುಗಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ತಡೆದು ಹಿಡಿಯುತ್ತದೆ. ಬಟ್ಟಲಿಗೆ ಅಂಟಿದ ಸೂಜಿ ಸ್ಪೀಡು ತೋರಿಸುತ್ತದೆ. ಎರಡನೆಯದು ಎಣಿಕೆ. ಕಡ್ಡಿಯ ಮೇಲಿನ ಸ್ಕ್ರೂ ಆಕಾರದ ವರ್ಮ್ ಗೇರು ಒಂದೆರಡು ಪುಟ್ಟ ಗೇರುಗಳನ್ನು ತಿರುಗಿಸುತ್ತದೆ, ಅವು ಅಂಕಿ ಬರೆದ ಉರುಳೆಗಳನ್ನು ತಿರುಗಿಸುತ್ತವೆ. ಉರುಳೆಯ ಒಂದು ಪಕ್ಕದಲ್ಲಿ 20 ಹಲ್ಲು, ಇನ್ನೊಂದು ಪಕ್ಕದಲ್ಲಿ ಎರಡೇ ಹಲ್ಲು. ಬಲಗಡೆಯದು 9ರಿಂದ 0ಗೆ ಬರುವ ಹೊತ್ತಿಗೆ ಮಾತ್ರ ಆ ಎರಡು ಹಲ್ಲು ನಡುವಿನ ಚಿಕ್ಕ ಗೇರಿಗೆ ಸಿಕ್ಕಿ, ಎಡಗಡೆಯ ಉರುಳೆ ಒಂದು ಮನೆ ಮುಂದೆ ಹೋಗುತ್ತದೆ. ಶಾಲೆಯಲ್ಲಿ ಕಲಿತ 'ದಶಕ' ತೆಗೆದುಕೊಳ್ಳುವ ಕೂಡುವ ಲೆಕ್ಕವೇ ಇದು, ಪ್ಲಾಸ್ಟಿಕ್ಕಿನಲ್ಲಿ.

ಕಲ್ಪನೆ ಹೊಸದೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ವಿಟ್ರೂವಿಯಸ್ ಬರೆದಿಟ್ಟ ಗಾಡಿಯಲ್ಲಿ ನಾಲ್ಕು ಅಡಿ ವ್ಯಾಸದ ಚಕ್ರ 400 ಸುತ್ತು ಹಾಕಿದಾಗ, ಅಂದ್ರೆ ಒಂದು ರೋಮನ್ ಮೈಲಿಗೆ, ಡಬ್ಬಿಯೊಳಗೆ ಒಂದು ಕಲ್ಲು ಬೀಳುತ್ತಿತ್ತು. ಸಂಜೆ ಕಲ್ಲು ಎಣಿಸಿದರೆ ಆಯಿತು. (ಸುತ್ತಳತೆ ಹನ್ನೆರಡೂವರೆ ಅಡಿ ಅಂತ ಅವನ ಲೆಕ್ಕ. ಪೈ ಬೆಲೆ 3.125 ಅಂತ ಹಿಡಿದ ಹಾಗಾಯಿತು, ಅಷ್ಟೇನೂ ಕೆಟ್ಟದ್ದಲ್ಲ.)

ಇಷ್ಟು ಗೊತ್ತಾದರೆ ರೋಗ ಕಂಡುಹಿಡಿಯಲು ಕಾರನ್ನು ಬಿಚ್ಚಬೇಕಾಗಿಯೂ ಇಲ್ಲ. ಸೂಜಿಯೂ ಸತ್ತು ಅಂಕಿಯೂ ಸತ್ತಿದ್ದರೆ ಕೇಬಲ್ ತುಂಡಾಗಿದೆ, ಇಲ್ಲಾಂದ್ರೆ ಗೇರ್‌ಬಾಕ್ಸ್ ತುದಿಯ ಗೇರು ಸವೆದಿದೆ. ಮೀಟರ್ ಕಡೆಯ ತುದಿ ಬಿಚ್ಚಿ, ಗೆಳೆಯನೊಬ್ಬ ಕಾರನ್ನು ನಾಲ್ಕು ಹೆಜ್ಜೆ ತಳ್ಳಲಿ. ಒಳಗಿನ ತಂತಿ ತಿರುಗದಿದ್ದರೆ ತೊಂದರೆ ಆ ಕಡೆಯೇ. ಸೂಜಿ ನಡುಗುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿದೆ. ಟ್ರಿಪ್ ಮೀಟರ್ ಓಡುತ್ತಾ ಮುಖ್ಯ ಮೀಟರ್ ಮಾತ್ರ ನಿಂತಿದ್ದರೆ ಅವೆರಡು ಕವಲೊಡೆದ ಮೇಲಿನ ಗೇರು ಹೋಗಿದೆ. ಕಾರು ಓಡುತ್ತಿರುವಾಗಲೇ ಟ್ರಿಪ್ ಬಟನ್ ಒತ್ತಿ ಸೊನ್ನೆ ಮಾಡುವ ಚಟ ಇರುವವರ ಮೀಟರಿನ ಗೇರು ಮುರಿಯುವುದು ಹೆಚ್ಚು, ಆ ಚಟ ಬಿಡಿ. ನಮ್ಮ ಕಾರಿನಲ್ಲಿ ಟ್ರಿಪ್ಪೂ ಇಲ್ಲ, ಮುಖ್ಯ ಮೀಟರೂ ಇಲ್ಲ, ಸೂಜಿ ಮಾತ್ರ ಚೆನ್ನಾಗಿದೆ. "ಲೇ, ಸೂಜಿ ಆಡಾಕತ್ತೈತಿ, ನಂಬರ್ ಅಷ್ಟ ಸತ್ತೈತಿ. ಅಂದ್ರ ಕೇಬಲ್ ಬರೋಬ್ಬರಿ ಐತಿ, ಒಳಗಿನ ಹಲ್ಲು ಮುರದೈತಿ" ಅಂದ ಹುಬ್ಬಳ್ಳಿಯವ. ಸರಿಯಾಗಿಯೇ ಹೇಳಿದ್ದ.

ಆ ಹಲ್ಲು ಯಾಕೆ ಮುರಿಯುತ್ತದೆ ಅನ್ನುವುದಕ್ಕೆ ಬಿನ್ ಮಹಮೂದಿನ ಬಿಸಿಲೇ ಉತ್ತರ. ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ನಮಗೆ ಜಾಗ ಇರಲಿಲ್ಲ, ಕಾರು ನಿಲ್ಲುತ್ತಿದ್ದುದು ಪಕ್ಕದ ಮಣ್ಣಿನ ಖಾಲಿ ಜಾಗದಲ್ಲಿ. ಅಮೆರಿಕದ ಅರಿಝೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಪ್ಲಾಸ್ಟಿಕ್ ಗೇರನ್ನು ಲೋಹದ ಕಡ್ಡಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ, ಅದು ಹುಟ್ಟಿದಂದಿನಿಂದ ಎಳೆತದಲ್ಲೇ ಇರುತ್ತದೆ. ಇಪ್ಪತ್ತೈದು ಮೂವತ್ತು ಬೇಸಿಗೆ ಕಾದು ಕಾದು ಗಡಸಾದ ಮೇಲೆ ಒಂದು ದಿನ ಕೂದಲೆಳೆಯಷ್ಟು ಸೀಳುತ್ತದೆ. ಸೂಜಿ ಉಳಿದಿದ್ದಕ್ಕೆ ಕಾರಣವೂ ಸರಳ: ಅಲ್ಲಿ ಹಲ್ಲೇ ಇಲ್ಲವಲ್ಲ. ಇದು ಗಲ್ಫಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ವೋಲ್ವೋ 240ರಂಥ ಕಾರು ಇಟ್ಟುಕೊಂಡವರಿಗೆ ತಂಪು ದೇಶಗಳಲ್ಲೂ ಈ ಪುಟ್ಟ ಗೇರಿನ ಕಥೆ ಚಿರಪರಿಚಿತ.

ಬಿಚ್ಚುವ ಕೆಲಸ ನಿಜಕ್ಕೂ ಒಂದು ಗಂಟೆಯದು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ನಮ್ಮ ಕಾರಿಗೆ ಏರ್‌ಬ್ಯಾಗ್ ಇರಲಿಲ್ಲ. ಇರುವ ಕಾರಾದರೆ ಸ್ಟಿಯರಿಂಗ್ ಹತ್ತಿರ ಕೈ ಹಾಕುವ ಮೊದಲು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಲೇಬೇಕು, ಇದರಲ್ಲಿ ಧೈರ್ಯ ತೋರಿಸಬೇಡಿ. ಮೀಟರಿನ ಮೇಲಿನ ಕವಚದ ಸ್ಕ್ರೂ, ಆಮೇಲೆ ಮೀಟರ್ ಕ್ಲಸ್ಟರಿನ ಸ್ಕ್ರೂ, ಆಮೇಲೆ ಹಿಂದಕ್ಕೆ ಕೈ ತೂರಿಸಿ ಕೇಬಲಿನ ಕ್ಲಿಪ್ ಒತ್ತಿ ಎಳೆಯುವುದು. ಹಳೇ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಸ್ಕತ್ತಿನ ಹಾಗೆ ಮುರಿಯುತ್ತವೆ, ಹಾಗಾಗಿ ನಡು ಮಧ್ಯಾಹ್ನವೂ ಬೇಡ, ಜೋರೂ ಬೇಡ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ. ನಾವು ರಾತ್ರಿ ಊಟ ಆದ ಮೇಲೆ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟುಕೊಂಡೆವು. ಇದಕ್ಕಿಂತ ಒಳ್ಳೇ ಸ್ಕ್ರೂ ತಟ್ಟೆ ಇನ್ನೂ ಯಾರೂ ಮಾಡಿಲ್ಲ.

ಒಳಗೆ ಹೋದ ಮೇಲೆ ಮುಟ್ಟಬಾರದ್ದು ಎರಡು: ಸೂಜಿ ಮತ್ತು ಕೂದಲೆಳೆ ಸ್ಪ್ರಿಂಗು. ಅವು ಒಂಚೂರು ಹೆಚ್ಚುಕಡಿಮೆಯಾದರೂ ಸ್ಪೀಡು ತಪ್ಪು ತೋರಿಸುತ್ತದೆ. ಹಿಂದಿನಿಂದ ಚಿಕ್ಕ ಸ್ಕ್ರೂಡ್ರೈವರಿನಲ್ಲಿ ಕಡ್ಡಿಯನ್ನು ನಿಧಾನಕ್ಕೆ ತಿರುಗಿಸುತ್ತಾ, ತಿರುಗು ಎಲ್ಲಿವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಎರಡನೇ ಗೇರಿನ ಹತ್ತಿರ ನಮ್ಮದು ನಿಂತಿತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಗೇರು, ನಡುವಿನಿಂದ ಅಂಚಿನವರೆಗೆ ಒಂದು ಸೀಳು, ಸೀಳಿನ ಜಾಗದಲ್ಲಿ ಎರಡು ಹಲ್ಲು ಇಲ್ಲ. ಇಡೀ ಕಾರಿನ ಲೆಕ್ಕ ತಪ್ಪಿಸಿದ್ದು ಇದು.

ಫೆವಿಕ್ವಿಕ್ ಹಾಕಿ ಅಂಟಿಸೋಣ ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ. ಗೇರಿಗೆ ಬಳಸುವ ಅಸಿಟಾಲ್ ಪ್ಲಾಸ್ಟಿಕ್ಕಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಅದರ ಆವಿ ಮೀಟರಿನ ಗಾಜಿಗೆ ಕೂತು ಬೆಳ್ಳಗೆ ಮಂಜಾಗುತ್ತದೆ, ಹನಿ ಜಾರಿದರೆ ಇದ್ದಬದ್ದ ಗೇರೂ ಸೇರಿಕೊಂಡುಬಿಡುತ್ತದೆ. ಗುಜರಿಯಿಂದ ಬೇರೆ ಕಾರಿನ ಮೀಟರ್ ತಂದು ಹಾಕುವುದು ಸುಲಭ, ಆದರೆ ಅದು ಯಾರದೋ ಕಾರಿನ ಕಿಲೋಮೀಟರ್ ಹೊತ್ತುಕೊಂಡು ಬರುತ್ತದೆ.

ಹಾಗಾಗಿ ಗೇರನ್ನೇ ಮಾಡಬೇಕಾಯಿತು. ಇಲ್ಲಿ ಪಾಠದ ಲೆಕ್ಕ ಒಮ್ಮೆಯಾದರೂ ಉಪಯೋಗಕ್ಕೆ ಬಂತು. ಉಳಿದ ಹಲ್ಲು 18, ಹೋದದ್ದು 2, ಒಟ್ಟು 20. ವರ್ನಿಯರಿನಲ್ಲಿ ಹೊರವ್ಯಾಸ 8.8 ಮಿ.ಮೀ. ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿ ಬಂದದ್ದರಿಂದ ಭಾಗಿಸಿದರೆ ಮಾಡ್ಯೂಲ್: 8.8 ÷ 22 = 0.4. ಹಲ್ಲಿನ ಗಾತ್ರವನ್ನು ಹೇಳುವುದು ಈ ಸಂಖ್ಯೆ. ಆನ್‌ಲೈನಿನಲ್ಲಿ ಸಿಗುವ ಆಟಿಕೆ ಗೇರುಗಳ ಒಂದು ಪೊಟ್ಟಣ ತರಿಸಿದ್ದ ಮಂಡ್ಯದವನು "ಇದ್ರಲ್ಲೂ ಇಪ್ಪತ್ತೇ ಹಲ್ಲದೆ, ಕೂರ್ಸು ಮಗಾ" ಅಂದ. ಅವೆಲ್ಲ 0.5 ಮಾಡ್ಯೂಲಿನವು, ಇಪ್ಪತ್ತು ಹಲ್ಲಿಗೆ 11 ಮಿ.ಮೀ. ವ್ಯಾಸ. ಹಲ್ಲಿನ ಸಂಖ್ಯೆ ಒಂದೇ ಆದರೂ ಗೇರಿಗೆ ಗೇರು ಕೂರಲಿಲ್ಲ.

ವಿಶ್ವವಿದ್ಯಾಲಯದ ಲ್ಯಾಬಿನ ತ್ರೀಡಿ ಪ್ರಿಂಟರಿನಲ್ಲಿ ಮೊದಲ ಪ್ರಯತ್ನ. ಪ್ಲಾಸ್ಟಿಕ್ ದಾರ ಕರಗಿಸಿ ಹಾಕುವ ಮಾಮೂಲಿ ಯಂತ್ರದ ಮೂತಿ 0.4 ಮಿ.ಮೀ., ನಮ್ಮ ಹಲ್ಲಿನ ದಪ್ಪ 0.63 ಮಿ.ಮೀ. ಬಂದದ್ದು ಗೇರಲ್ಲ, ಚಕ್ಕುಲಿ. ಅದೂ ಅಲ್ಲದೆ ಆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುತ್ತ ಮೆತ್ತಗಾಗುತ್ತದೆ, 69 ಡಿಗ್ರಿಯ ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ದಿನ? ಎರಡನೇ ಸಲ ರೆಸಿನ್ ಪ್ರಿಂಟರಿನಲ್ಲಿ, ಹೆಚ್ಚು ಶಾಖ ತಡೆಯುವ ರೆಸಿನ್ ಹಾಕಿಸಿ ಮಾಡಿಸಿದೆವು. ನಡುವಿನ ತೂತನ್ನು ಕಡ್ಡಿಗಿಂತ ಒಂಚೂರು ಚಿಕ್ಕದಾಗಿ ಬರೆದು, ಆಮೇಲೆ ಕೈಯಲ್ಲೇ ಕೊರೆದು ಅಳತೆಗೆ ತಂದೆವು. ಬಿಗಿ ಹೆಚ್ಚಾದರೆ ಹಳೇ ಗೇರಿನ ಗತಿಯೇ ಇದಕ್ಕೂ. ಕಡ್ಡಿ ಕೂರುವ ಜಾಗಕ್ಕೆ ಸೂಜಿಮೊನೆಯಷ್ಟು ಹೊಲಿಗೆ ಯಂತ್ರದ ಎಣ್ಣೆ. ಅಂಕಿಯ ಉರುಳೆಗಳಿಗೆ ಎಣ್ಣೆ ತಾಗಿಸಬಾರದು.

ಈಗ 637 ನೆನಪು ಮಾಡಿಕೊಳ್ಳಿ. ನಿಮಿಷಕ್ಕೆ 637 ಸುತ್ತು ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಗಂಟೆಗೆ 60. ಮೀಟರನ್ನು ಮೇಜಿನ ಮೇಲೆ ಹಿಡಿದು, ಹಿಂದಿನ ಕಡ್ಡಿಗೆ ಡ್ರಿಲ್ ಸಿಕ್ಕಿಸಿ (ತಿರುಗುವ ದಿಕ್ಕು ಮೊದಲೇ ನೋಡಿಕೊಳ್ಳಿ), ಸೂಜಿ 60ರಲ್ಲಿ ನಿಲ್ಲುವ ಹಾಗೆ ನಿಧಾನಕ್ಕೆ ಓಡಿಸಿದೆವು. ಒಂದು ಕಿಲೋಮೀಟರಿಗೆ 62 ಸೆಕೆಂಡ್ ಬಂತು. ಎರಡು ಸೆಕೆಂಡ್ ತಪ್ಪಲ್ಲ. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಲೇಬಾರದು, ಸ್ವಲ್ಪ ಹೆಚ್ಚು ತೋರಿಸಬಹುದು ಅಂತ ವಿಶ್ವಸಂಸ್ಥೆಯ ವಾಹನ ನಿಯಮವೇ ಇದೆ. ತಯಾರಕರು ಹೆಚ್ಚಿನ ಕಡೆಗೇ ವಾಲಿಸಿರುತ್ತಾರೆ. ಮೂರು ಸಲ ಓಡಿಸಿದೆವು. 2,87,419. ರಾತ್ರಿ ಹನ್ನೊಂದಕ್ಕೆ, ಎರಡು ವರ್ಷದ ಮೇಲೆ ಆ ಅಂಕಿ ತಿರುಗಿದ್ದನ್ನು ನೋಡಿ ನಾವು ಹಾಕಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ಬಡಿದರು.

ಜಗಳ ಆದದ್ದು ಅದರ ಮೇಲೆ. ಮೀಟರ್ ಇನ್ನೂ ಮೇಜಿನ ಮೇಲೇ ತೆರೆದುಕೊಂಡಿತ್ತು. "ಹೆಂಗೂ ಬಿಚ್ಚಿದೀವಿ, ಒಂದು ಲಕ್ಷ ಹಿಂದಕ್ಕೆ ತಿರುಗಿಸ್ಬುಡು ಮಗಾ. ನಾಳೆ ಮಾರೋವಾಗ ಯಾರಿಗ್ ಗೊತ್ತಾಗ್ತದೆ?" ಅಂದ ಮಂಡ್ಯದವನು. ಪೂರಾ ತಮಾಷೆಯಾಗಿರಲಿಲ್ಲ. ಮೂವರಿಗೂ ಕೋರ್ಸ್ ಮುಗಿಯಲು ಎಂಟು ತಿಂಗಳಿತ್ತು, ಕೈಯಲ್ಲಿ ದುಡ್ಡಿರಲಿಲ್ಲ, ಉರುಳೆ ತಿರುಗಿಸಲು ಐದು ನಿಮಿಷ ಸಾಕಿತ್ತು. ಅರ್ಧ ಗಂಟೆ ಮಾತು ಏರಿತು, ಇಳಿಯಿತು. ಕೊನೆಗೆ ಹುಬ್ಬಳ್ಳಿಯವ ಟೈಮಿಂಗ್ ಬೆಲ್ಟಿನ ಬಿಲ್ಲು ತಂದು ಮೇಜಿನ ಮೇಲಿಟ್ಟ. "ಅಂಕಲ್ ಹೇಳದ ಇದ್ದಿದ್ರ ನಮ್ಮ ಎಂಜಿನ್ ಹೋಗ್ತಿತ್ತ ಇಲ್ಲೋ?" ಆ ಮೇಲೆ ಮಂಡ್ಯದವನು ಆ ಮಾತು ಎತ್ತಲಿಲ್ಲ.

ಹಾಗಾದರೆ ಯಾವ ಅಂಕಿ ಇಡಬೇಕು? ನಮ್ಮ ಅಂದಾಜಿನ 20,000 ಕೂಡಿಸಿ ಮುಂದಕ್ಕೆ ತಿರುಗಿಸುವುದೂ ಸುಳ್ಳೇ, ಅಂದಾಜು ಅಂದಾಜೇ. ಅಮೆರಿಕದ ಕಾನೂನಿನಲ್ಲಿ ಇದಕ್ಕೊಂದು ದಾರಿ ಇದೆ: ರಿಪೇರಿ ಮಾಡಿದ ಮೀಟರಿನಲ್ಲಿ ಮೊದಲಿದ್ದ ಅಂಕಿಯೇ ಇರಬೇಕು, ಅದು ಸಾಧ್ಯವಾಗದಿದ್ದರೆ ಸೊನ್ನೆ ಮಾಡಿ, ಹಳೇ ಅಂಕಿ ಮತ್ತು ರಿಪೇರಿ ತಾರೀಖು ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಚೀಟಿಯ ಯೋಚನೆ ನಮಗೆ ಹಿಡಿಸಿತು. ಅಂಕಿಯನ್ನು ಇದ್ದ ಹಾಗೇ ಬಿಟ್ಟು ಬಾಗಿಲಿನ ಚೌಕಟ್ಟಿಗೆ ಚೀಟಿ ಅಂಟಿಸಿದೆವು: ಮೀಟರ್ 2,87,416ರಲ್ಲಿ ಸುಮಾರು ಎರಡು ವರ್ಷ ನಿಂತಿತ್ತು, ಎಣಿಕೆಗೆ ಬಾರದ್ದು ಅಂದಾಜು 20,000, ರಿಪೇರಿಯಾದ ದಿನ ಇಂಥದ್ದು, ಟೈಮಿಂಗ್ ಬೆಲ್ಟ್ ಬದಲಿಸಿದ ದಿನ ಇಂಥದ್ದು, ಪರೀಕ್ಷೆಗೆ ಡ್ರಿಲ್ಲಿನಲ್ಲಿ ಓಡಿಸಿದ್ದು 3 ಕಿ.ಮೀ. ಬರೆದವನು ಮಂಡ್ಯದವನೇ, ಅವನ ಅಕ್ಷರ ದುಂಡಗಿದೆ.

ಮುಂದಿನ ಶುಕ್ರವಾರ ಉತ್ತರಕ್ಕೆ ಅಲ್ ಖೋರ್ ದಾರಿಯಲ್ಲಿ ಹೋಗಿ ನೋಡಿದೆವು. ಮೊಬೈಲಿನ ಜಿಪಿಎಸ್ 52 ಕಿ.ಮೀ. ಅಂದರೆ ಮೀಟರ್ ಸುಮಾರು 53 ಅಂತು. ಗೇರಿನ ತಪ್ಪಲ್ಲ ಅದು, ಟೈರಿನದು. ನಮ್ಮ 175/70 ಆರ್13 ಟೈರು ಹೊಸದಿದ್ದಾಗ ವ್ಯಾಸ 575 ಮಿ.ಮೀ. 5 ಮಿ.ಮೀ. ಸವೆದರೆ ವ್ಯಾಸ 565, ಅಂದರೆ ಸುಮಾರು ಶೇ. 1.7 ಕಡಿಮೆ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಹಾಕುತ್ತದೆ, ಮೀಟರ್ ಸುತ್ತನ್ನು ಮಾತ್ರ ಎಣಿಸುತ್ತದೆ. ಟೈರ್ ಬದಲಿಸುವ ಹೊತ್ತಾಗಿದೆ ಅಂತ ಓಡೋಮೀಟರೇ ಹೇಳಿದ ಹಾಗಾಯಿತು.

ನಿಮ್ಮ ಕಾರಿನದು ಡಿಜಿಟಲ್ ಪರದೆಯಾಗಿದ್ದರೆ ಈ ಇಡ್ಲಿ ತಟ್ಟೆ ವಿದ್ಯೆ ನಡೆಯುವುದಿಲ್ಲ. ಅಲ್ಲಿ ಅಂಕಿ ಚಿಪ್ಪಿನ ನೆನಪಿನಲ್ಲಿರುತ್ತದೆ. ಫ್ಯೂಸ್, ಸ್ಪೀಡ್ ಸೆನ್ಸರ್, ಕನೆಕ್ಟರ್ ನೋಡಬಹುದು. ಪರದೆ ಮಂಕಾಗಿದ್ದರೆ ಬೆಸುಗೆ ಬಿಟ್ಟಿರಬಹುದು. ಚಿಪ್ಪಿಗೆ ಮಾತ್ರ ಕೈ ಹಾಕಬೇಡಿ. ಅಂಕಿ ಹಿಂದಕ್ಕೆ ತಿರುಗಿಸುವುದು ಜರ್ಮನಿಯಲ್ಲಿ 2005ರಿಂದ ಅಪರಾಧ. ಹಳೇ ಕಾರು ಕೊಳ್ಳುವ ಗೆಳೆಯರಿಗೆ ಇನ್ನೊಂದು ಮಾತು: ಇಂಗ್ಲೆಂಡಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಎಂಒಟಿ ತಪಾಸಣೆಗಳಲ್ಲಿ ಬರೆದ ಮೈಲಿಗಳು ಪುಕ್ಕಟೆ ಸಿಗುತ್ತವೆ, ಬೆಲ್ಜಿಯಂನಲ್ಲಿ 2006ರಿಂದ ಕಾರ್-ಪಾಸ್ ಅನ್ನುವ ಪತ್ರ ಇದೆ. ಎಲ್ಲೇ ಇರಿ, ಹಳೇ ಬಿಲ್ಲುಗಳನ್ನು ಕೇಳಿ ಪಡೆಯಿರಿ. ಪೆಡಲಿನ ರಬ್ಬರು, ಸ್ಟಿಯರಿಂಗಿನ ಸವೆತ ನೋಡಿ, ಮೀಟರಿನ ಅಂಕಿಗೂ ಅದಕ್ಕೂ ತಾಳೆ ಆಗುತ್ತದಾ ಅಂತ.

ಕೋರ್ಸ್ ಮುಗಿದ ಮೇಲೆ ಕಾರನ್ನು ಮುಂದಿನ ಬ್ಯಾಚಿನ ಕಲಬುರಗಿ ಹುಡುಗನೊಬ್ಬ ತಗೊಂಡ. ಬಾಗಿಲು ತೆಗೆದು ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ತಲೆ ಎತ್ತಿ, ಡ್ರಿಲ್ಲಿನ ಮೂರು ಕಿಲೋಮೀಟರಿಗೂ ರೊಕ್ಕ ಕಡಿಮಿ ಮಾಡ್ರಿ ಅಂದ.